ಹಿಡಿದ ಮೊಲಕ್ಕೆ ಎಷ್ಟು ಕಾಲು?

ಅಮ್ಮ ಫೋನ್ ಮಾಡಿದಾಗ ನಾನು ಬೆಳಗಿನ ಸ್ಟ್ಯಾಂಡಪ್ ಮೀಟಿಂಗಿನಲ್ಲಿದ್ದೆ. ಕಟ್ ಮಾಡಿದೆ. ಮತ್ತೆ ಮಾಡಿದಳು. ಅಮ್ಮ ಬಿಡದೆ ಎರಡನೇ ಸಲ ಮಾಡಿದಳು ಅಂದರೆ ಒಂದೋ ಬೋರ್‌ವೆಲ್ ಮೋಟ್ರು ಸುಟ್ಟಿರಬೇಕು, ಇಲ್ಲಾ ಯಾರೋ ಹೋಗಿರಬೇಕು. ಲ್ಯಾಪ್‌ಟಾಪ್ ಮ್ಯೂಟ್ ಮಾಡಿ ಎತ್ತಿಕೊಂಡೆ.

"ನಿಮ್ಮಪ್ಪ ರಾತ್ರಿ ಮಾತ್ರೆ ನುಂಗ್ತಾನೇ ಇಲ್ಲ ಕಣೋ. ಕೊಬ್ಬರಿ ಅಟ್ಟ ಗುಡಿಸೋಣ ಅಂತ ಹತ್ತಿದ್ದೆ. ಚೀಲದ ಸಂದೀಲಿ ಹದಿನಾಲ್ಕು ಸ್ಟ್ರಿಪ್ ಸಿಕ್ತು. ಒಂದೂ ಒಡೆದಿಲ್ಲ."

ಹದಿನಾಲ್ಕು ಸ್ಟ್ರಿಪ್ ಅಂದರೆ 140 ಮಾತ್ರೆ. ನಾಲ್ಕೂವರೆ ತಿಂಗಳು. ಅಪ್ಪನಿಗೆ ಸ್ಟೆಂಟ್ ಹಾಕಿಸಿ ಮೂರು ವರ್ಷವಾಗಿದೆ. ರಾತ್ರಿ ಮಾತ್ರೆ ಅಂದರೆ ಅಟೋರ್ವಾಸ್ಟಾಟಿನ್ 40, ಕೊಲೆಸ್ಟ್ರಾಲ್ ಇಳಿಸುವುದು. "ಇದನ್ನ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ" ಅಂತ ಡಾಕ್ಟರು ಚೀಟಿಯ ಮೇಲೆ ಅಡಿಗೆರೆ ಎಳೆದು ಹೇಳಿದ್ದರು.

ಆ ವಾರಾಂತ್ಯ ಊರಿಗೆ ಹೋದೆ. ತಿಪಟೂರಿನಿಂದ ಬಸ್ಸಿಳಿದು ಬೈಕಿನಲ್ಲಿ ಕರೆದುಕೊಂಡು ಹೋಗಲು ಬಂದ ಅಪ್ಪನ ಮುಖ ನೋಡಿದರೆ, ಸಿಕ್ಕಿಬಿದ್ದೆ ಅನ್ನೋದು ಗೊತ್ತಾಗಿದೆ ಅಂತ ಕಾಣಿಸುತ್ತಿತ್ತು. ತೋಟದಲ್ಲಿ ಕೂತು ಕೇಳಿದೆ. ಅವನ ಉತ್ತರಕ್ಕೆ ನನ್ನ ಹತ್ತಿರ ತಿರುಗಿ ಹೇಳೋಕೆ ಏನೂ ಇರಲಿಲ್ಲ.

"ನೀನೇ ಕಳಿಸಿದ್ದಲ್ಲಪ್ಪ, ಈ ಮಾತ್ರೆ ನುಂಗಿದ್ರೆ ಮರೆವು ಬರಲ್ಲ ಅಂತ? ಈಗ ನಿಮ್ಮ ಭಾವ ಕಳಿಸವ್ರೆ, ಈ ಮಾತ್ರೆಯಿಂದಲೇ ಮರೆವು ಬರೋದು ಅಂತ. ಇಬ್ರೂ ಓದಿದೋರೇ. ನಾನು ಯಾರ ಮಾತು ನಂಬ್ಲಿ?"

ಇಲ್ಲಿ ಒಂದು ವಿಷಯ ಹೇಳಬೇಕು. ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಕೊನೆಯ ಆರು ವರ್ಷ ಮರೆವಿನ ಕಾಯಿಲೆಯಲ್ಲಿದ್ದ. ಮೊದಲು ಮಂಡಿಯ ಲೆಕ್ಕ ಮರೆತ, ಆಮೇಲೆ ಸೊಸೆಯ ಹೆಸರು ಮರೆತ, ಕೊನೆಗೆ ಒಂದು ರಾತ್ರಿ ಎದ್ದು ನಡೆದುಹೋದವನು ಬೆಳಗ್ಗೆ ಕೆರೆ ಏರಿಯ ಮೇಲೆ ಸಿಕ್ಕಿದ. ಅಪ್ಪನಿಗೆ ಹಾರ್ಟ್ ಅಟ್ಯಾಕ್ ಬಗ್ಗೆ ಅಂಥ ಭಯ ಇಲ್ಲ. "ಟಪ್ಪಂತ ಹೋಗ್ಬಿಟ್ರೆ ಒಳ್ಳೇದೇ" ಅಂತಾನೆ. ಅಣ್ಣನ ಹಾಗೆ ಆಗಿಬಿಡುತ್ತೇನಾ ಅನ್ನುವುದು ಅವನ ಭಯ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ, ಮೂರು ವರ್ಷದ ಕೆಳಗೆ ಮಾತ್ರೆ ನುಂಗಲು ಸತಾಯಿಸುತ್ತಿದ್ದವನಿಗೆ ಎಲ್ಲೋ ಸಿಕ್ಕಿದ ಒಂದು ಸುದ್ದಿಯ ಸ್ಕ್ರೀನ್‌ಶಾಟ್ ಕಳಿಸಿದ್ದೆ: ಸ್ಟಾಟಿನ್ ನುಂಗುವವರಿಗೆ ಮರೆಗುಳಿತನ ಬರುವ ಸಾಧ್ಯತೆ ಶೇ. 70ರಷ್ಟು ಕಡಿಮೆ. ಓದಿ ನೋಡಿ ಕಳಿಸಿದ್ದಾ? ಇಲ್ಲ. ಕೆಲಸಕ್ಕೆ ಬರುತ್ತೆ ಅಂತ ಕಳಿಸಿದ್ದೆ, ಕೆಲಸಕ್ಕೆ ಬಂತು ಕೂಡ. ಮೂರು ವರ್ಷ ಆದ ಮೇಲೆ ಭಾವನ ವಿಡಿಯೋ ಅದೇ ಬಾಗಿಲಲ್ಲಿ ಒಳಗೆ ಬಂತು. ಬಾಗಿಲು ತೆಗೆದಿಟ್ಟವನು ನಾನು.

ಹಾಗಾಗಿ ಬೆಂಗಳೂರಿಗೆ ವಾಪಸ್ಸು ಬಂದು, ಆ ಶೇ. 70 ಎಲ್ಲಿಂದ ಹುಟ್ಟಿತು ಅಂತ ಹುಡುಕಲು ಕೂತೆ. ನಾನು ಬಿಇ ಓದಿದವನು, ಡಾಕ್ಟರಲ್ಲ. ಆದರೆ ಹಳೇ ಕೋಡ್ ಓದಿ ಬಗ್ ಎಲ್ಲಿ ಹುಟ್ಟಿತು ಅಂತ ಹಿಂದಕ್ಕೆ ಹಿಂದಕ್ಕೆ ಹೋಗೋದೇ ನನ್ನ ಹೊಟ್ಟೆಪಾಡು. ಅದೇ ರೀತಿ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಸಿಕ್ಕಿದ ಹೆಸರು ಲ್ಯಾರಿ ಸ್ಪಾರ್ಕ್ಸ್. ಅಮೆರಿಕಾದ ನರವಿಜ್ಞಾನಿ. ಈ ಲೇಖನ ಅವರ ಸುಮಾರು ಇಪ್ಪತ್ತು ವರ್ಷದ ಪ್ರಬಂಧಗಳ ಮೇಲೆ ಒಬ್ಬ ಓದುಗನ ವಿಮರ್ಶೆ. ಒಬ್ಬ ಕಾದಂಬರಿಕಾರನ ಕಾದಂಬರಿಗಳನ್ನು ಪ್ರಕಟವಾದ ಕ್ರಮದಲ್ಲೇ ಓದಿದರೆ ಮನುಷ್ಯ ಎಲ್ಲಿ ಗಟ್ಟಿ, ಎಲ್ಲಿ ಜಾರಿದ ಅಂತ ಗೊತ್ತಾಗುತ್ತದಲ್ಲ, ಹಾಗೆ ಓದಿದ್ದೇನೆ.

ಕಥೆ ಶುರುವಾಗೋದು ಹೆಣಗಳಿಂದ. ಕೆಂಟಕಿ ವಿಶ್ವವಿದ್ಯಾಲಯದಲ್ಲಿದ್ದ ಸ್ಪಾರ್ಕ್ಸ್ ಮತ್ತು ಜೊತೆಗಾರರು, ಬದುಕಿದ್ದಾಗ ಮರೆವಿನ ಲಕ್ಷಣವೇ ಇಲ್ಲದಿದ್ದವರ ಮೆದುಳುಗಳನ್ನು ನೋಡುತ್ತಿದ್ದರು. ಅವರಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡಿದ್ದವರ ಮೆದುಳಲ್ಲಿ, ಹೃದಯ ಚೆನ್ನಾಗಿದ್ದವರಿಗಿಂತ ಹೆಚ್ಚಾಗಿ, ಆಲ್ಝೈಮರ್ ರೋಗಿಗಳಲ್ಲಿ ಕಾಣುವಂಥ ಗಂಟುಗಳು ಕಂಡವು. ಪ್ಲಾಕ್ ಅಂತಾರೆ. ಅಮಿಲಾಯ್ಡ್ ಅನ್ನುವ ಪ್ರೋಟೀನಿನ ಚೂರುಗಳು ನರಕೋಶಗಳ ಸುತ್ತ ಗಸಿ ಹಿಡಿದ ಹಾಗೆ ಕೂತಿರುತ್ತವೆ. ಇದು ಪ್ರಕಟವಾದದ್ದು 1990ರಲ್ಲಿ. ಆಗ ಹೃದಯದ ಡಾಕ್ಟರಿಗೂ ಮೆದುಳಿನ ಡಾಕ್ಟರಿಗೂ ಮಾತಿಲ್ಲ ಕಥೆಯಿಲ್ಲ. ಹೆಣ ಕೊಯ್ಯುವ ಜಾಗದಲ್ಲಿ ನಿಂತು ಹೃದಯವನ್ನೂ ಮೆದುಳನ್ನೂ ಒಂದೇ ಮೇಜಿನ ಮೇಲೆ ನೋಡುವವನಿಗೆ ಮಾತ್ರ ಕಾಣಬಹುದಾದ ವಿಷಯ ಇದು. ನನಗೆ ಇದು ತುಂಬ ಇಷ್ಟವಾಯಿತು. ಯಾಕೆಂದರೆ ಇಲ್ಲಿ ಸಿದ್ಧಾಂತ ಇಲ್ಲ, ಬರೀ ಕಣ್ಣು ಇದೆ.

ಮೂರು ವರ್ಷದ ನಂತರ, 1993ರಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ಆ್ಯಲನ್ ರೋಸಸ್ ತಂಡ ವಯಸ್ಸಾದ ಮೇಲೆ ಬರುವ ಆಲ್ಝೈಮರ್‌ಗೆ ಏಪಿಒಇ4 ಅನ್ನುವ ಜೀನ್ ದೊಡ್ಡ ಅಪಾಯ ಅಂತ ತೋರಿಸಿತು. ಆ ಜೀನ್ ಮಾಡುವ ಪ್ರೋಟೀನಿನ ಕೆಲಸ ಏನು? ಕೊಲೆಸ್ಟ್ರಾಲ್ ಹೊರೋದು. ಕೂಲಿಯ ಥರ. ಅಂದರೆ ಸ್ಪಾರ್ಕ್ಸ್ ಹೆಣದ ಮೇಜಿನಲ್ಲಿ ಕಂಡದ್ದಕ್ಕೆ ಜೀನಿನ ಕಡೆಯಿಂದಲೂ ಒಂದು ಸಾಕ್ಷಿ ಸಿಕ್ಕ ಹಾಗಾಯ್ತು.

ಆಮೇಲೆ ಬಂದವು ಮೊಲಗಳು. 1913ರಲ್ಲೇ ರಷ್ಯಾದ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ಅವುಗಳ ರಕ್ತನಾಳ ಕಟ್ಟಿಕೊಳ್ಳುವುದನ್ನು ತೋರಿಸಿದ್ದ. ಸ್ಪಾರ್ಕ್ಸ್ ಅದೇ ಹಳೇ ದಾರಿ ಹಿಡಿದರು, ಆದರೆ ನೋಡಿದ್ದು ಮೆದುಳನ್ನು. ಮೇವಿನಲ್ಲಿ ಶೇ. 2ರಷ್ಟು ಕೊಲೆಸ್ಟ್ರಾಲ್ ಬೆರೆಸಿ ಎಂಟು ವಾರದವರೆಗೆ ತಿನ್ನಿಸಿದರೆ ಮೊಲದ ಮೆದುಳಲ್ಲಿ ಅಮಿಲಾಯ್ಡ್ ಕಾಣಿಸಿಕೊಂಡಿತು. 1994ರ ಪ್ರಬಂಧ. ಇಲಿ ಬಿಟ್ಟು ಮೊಲ ಯಾಕೆ ಅಂದರೆ, ಮೊಲದ ಅಮಿಲಾಯ್ಡ್ ಚೂರು ಮನುಷ್ಯನದರ ಹಾಗೇ ಇದೆ, ಇಲಿಯದು ಬೇರೆ. ಅಷ್ಟರ ಮಟ್ಟಿಗೆ ಆಯ್ಕೆ ಸರಿ. ಆದರೆ ಮೊಲ ಹುಲ್ಲು ತಿನ್ನುವ ಪ್ರಾಣಿ, ಹುಟ್ಟಿದಾಗಿನಿಂದ ಕೊಲೆಸ್ಟ್ರಾಲ್ ಮುಖ ನೋಡಿರೋದಿಲ್ಲ. ನಮ್ಮ ಹಸುವಿಗೆ ದಿನಾ ಬೆಣ್ಣೆ ತಿನ್ನಿಸಿ, ಬೆಣ್ಣೆ ತಿಂದರೆ ಮನುಷ್ಯರಿಗೆ ಏನಾಗುತ್ತೆ ಅಂತ ಕೇಳಿದ ಹಾಗೆ. ಆ ಪ್ರಬಂಧದ ತಲೆಬರಹದಲ್ಲಿ 'ಆಲ್ಝೈಮರ್ ತರಹದ' ಅಂತಿದೆ. ಆ 'ತರಹದ' ಅನ್ನುವ ಪದವನ್ನು ಸ್ಪಾರ್ಕ್ಸ್ ಎಚ್ಚರದಿಂದಲೇ ಇಟ್ಟಿದ್ದಾರೆ. ಸುದ್ದಿಯಾಗಿ ಹೊರಗೆ ಬರುವ ಹೊತ್ತಿಗೆ ಮೊದಲು ಉದುರಿಹೋಗೋದು ಇಂಥ ಪದವೇ.

ಈಗ ನನಗೆ ಅತಿ ಇಷ್ಟವಾದ ಅಧ್ಯಾಯ. ಸ್ಪಾರ್ಕ್ಸ್ ಕೆಂಟಕಿ ಬಿಟ್ಟು ಅರಿಝೋನಾದ ಸನ್ ಸಿಟಿಗೆ ಹೋದರು. ನಿವೃತ್ತರಿಗೆ ಅಂತಲೇ ಕಟ್ಟಿದ ಊರು ಅದು, 1960ರಲ್ಲಿ ಶುರುವಾದದ್ದು. ಅಲ್ಲಿನ ಸನ್ ಹೆಲ್ತ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಮೊಲದ ಪ್ರಯೋಗಗಳು ಮುಂದುವರಿದವು. ಆದರೆ ಫಲಿತಾಂಶ ಎಲ್ಲಾ ಕಡೆ ಒಂದೇ ಥರ ಬರಲಿಲ್ಲ. ಅದೇ ಜಾತಿ ಮೊಲ, ಅದೇ ಮೇವು. ಒಂದು ಕಡೆ ಅಮಿಲಾಯ್ಡ್ ಜಾಸ್ತಿ, ಇನ್ನೊಂದು ಕಡೆ ಕಡಿಮೆ.

ನನ್ನ ವೃತ್ತಿಯವರಿಗೆ ಇದು ಎಷ್ಟು ಪರಿಚಿತ ನೋಡಿ. "ನನ್ನ ಮಷೀನಲ್ಲಿ ಓಡ್ತಿದೆಯಲ್ಲ" ಅನ್ನೋದು ನಮ್ಮ ಅತಿ ಹಳೇ ಜೋಕು. ಕೋಡ್ ಅದೇ, ಡೇಟಾ ಅದೇ, ಆದರೂ ಸರ್ವರಿನಲ್ಲಿ ಬಿದ್ದುಹೋಗುತ್ತೆ. ಆಗ ನಮ್ಮಲ್ಲಿ ಇಬ್ಬರು ಥರದವರು. ಒಬ್ಬರು, ಅಯ್ಯೋ ಆ ಸರ್ವರ್ ಸರಿಯಿಲ್ಲ ಬಿಡಿ ಅಂತ ತಮ್ಮ ಮಷೀನಿನ ಫಲಿತಾಂಶವನ್ನೇ ಸ್ಲೈಡಿಗೆ ಹಾಕಿಕೊಳ್ಳುವವರು. ಇನ್ನೊಬ್ಬರು ಕೂತು ಎರಡು ಮಷೀನಿನ ಮಧ್ಯೆ ಏನೇನು ವ್ಯತ್ಯಾಸ ಇದೆ ಅಂತ ಒಂದೊಂದೇ ಪಟ್ಟಿ ಮಾಡುವವರು. ಸ್ಪಾರ್ಕ್ಸ್ ಎರಡನೆಯವರ ಕೆಲಸ ಮಾಡಿದರು. ವ್ಯತ್ಯಾಸ ಇದ್ದದ್ದು ಮೊಲ ಕುಡಿಯುವ ನೀರಲ್ಲಿ! ನಲ್ಲಿ ನೀರು ಕುಡಿದ ಮೊಲಗಳಿಗೆ ಅಮಿಲಾಯ್ಡ್ ಹೆಚ್ಚು, ಬಟ್ಟಿ ಇಳಿಸಿದ ನೀರು ಕುಡಿದವಕ್ಕೆ ಕಡಿಮೆ. 2002ರಲ್ಲಿ ಇದನ್ನೇ ಒಂದು ಪ್ರಬಂಧವಾಗಿ ಹಾಕಿದರು. ಆಮೇಲೆ ನೀರಲ್ಲಿ ಏನಿದೆ ಅಂತ ಹುಡುಕಿದರೆ ಅನುಮಾನ ಹೋಗಿ ನಿಂತದ್ದು ತಾಮ್ರದ ಮೇಲೆ. 2003ರಲ್ಲಿ ಬರ್ನಾರ್ಡ್ ಶ್ರೂರ್ಸ್ ಜೊತೆ ಮಾಡಿದ ಪ್ರಯೋಗದಲ್ಲಿ ಕೊಲೆಸ್ಟ್ರಾಲ್ ತಿನ್ನುವ ಮೊಲಗಳ ನೀರಿಗೆ ಹತ್ತು ಲಕ್ಷ ಪಾಲಿಗೆ ಬರೀ 0.12 ಪಾಲು ತಾಮ್ರ ಸೇರಿಸಿದರು. ಅಮೆರಿಕಾದಲ್ಲಿ ಕುಡಿಯುವ ನೀರಿಗೆ ಇಟ್ಟಿರುವ ಮಿತಿ 1.3, ಅದರ ಹತ್ತನೇ ಒಂದು ಭಾಗವೂ ಅಲ್ಲ ಇದು. ಅಷ್ಟಕ್ಕೇ ಮೆದುಳಲ್ಲಿ ಪ್ಲಾಕಿನಂಥ ಗಂಟುಗಳು ಎದ್ದವು, ಮೊಲಗಳು ಕಷ್ಟದ ಪಾಠ ಕಲಿಯುವುದರಲ್ಲಿ ಹಿಂದೆ ಬಿದ್ದವು. ಪಾಠ ಅಂದರೆ ಹೀಗೆ: ಒಂದು ಶಬ್ದ ಕೇಳಿಸುತ್ತದೆ, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಕಣ್ಣಿಗೆ ಕಿರಿಕಿರಿ. ಶಬ್ದಕ್ಕೂ ಕಿರಿಕಿರಿಗೂ ನಡುವಿನ ಆ ಖಾಲಿ ಜಾಗವನ್ನು ನೆನಪಿಟ್ಟುಕೊಂಡು ಮೊದಲೇ ಕಣ್ಣಿನ ಪೊರೆ ಮುಚ್ಚಬೇಕು. ಮಧ್ಯೆ ಖಾಲಿ ಜಾಗ ಇಲ್ಲದ ಸುಲಭದ ಪಾಠವನ್ನು ಅವೇ ಮೊಲಗಳು ಸರಿಯಾಗೇ ಕಲಿತವು.

ಇದನ್ನು ಓದಿದ ತಕ್ಷಣ ನನ್ನ ಕಣ್ಣು ಹೋದದ್ದು ನನ್ನ ಡೆಸ್ಕಿನ ಮೇಲಿದ್ದ ತಾಮ್ರದ ಬಾಟಲಿಗೆ. ನಮ್ಮ ಫ್ಲೋರಿನಲ್ಲಿ ಅರ್ಧ ಜನರ ಹತ್ತಿರ ಇದೆ, ದೀಪಾವಳಿ ಗಿಫ್ಟ್ ಬೇರೆ ಅದೇ ಕೊಟ್ಟಿದ್ದರು. ಬೆರಳು ಫಾರ್ವರ್ಡ್ ಬಟನ್ ಕಡೆ ಹೊರಟೇಬಿಟ್ಟಿತ್ತು: "ತಾಮ್ರದ ಚೊಂಬಿನ ನೀರಿನಿಂದ ಮರೆವು, ಅಮೆರಿಕಾ ವಿಜ್ಞಾನಿ." ಹದಿನಾಲ್ಕು ಸ್ಟ್ರಿಪ್ ನೆನಪಾಗಿ ಫೋನ್ ಕೆಳಗಿಟ್ಟೆ. ಬೆಣ್ಣೆ ತಿಂದ ಹಸುವಿನ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಇಲ್ಲಿಯವರೆಗಿನ ಸ್ಪಾರ್ಕ್ಸ್ ನನಗೆ ಪೂರ್ತಿ ಒಪ್ಪಿಗೆ. ಇನ್ನು ಮುಂದೆ ಮಾತ್ರೆಯ ಕಥೆ. ನನ್ನ ತಕರಾರುಗಳು ಶುರುವಾಗುವುದು ಇಲ್ಲೇ.

ಸ್ಟಾಟಿನ್ ಹುಟ್ಟಿದ್ದು ಜಪಾನಿನಲ್ಲಿ. ಅಕಿರಾ ಎಂಡೋ ಅಂತ, ಅಕಿಟಾ ಕಡೆಯ ರೈತರ ಮನೆ ಹುಡುಗ, ಚಿಕ್ಕಂದಿನಿಂದ ಅಣಬೆ ಬೂಸ್ಟುಗಳ ಹುಚ್ಚು. ಆರು ಸಾವಿರಕ್ಕೂ ಹೆಚ್ಚು ಬಗೆಯ ಬೂಸ್ಟು ಪರೀಕ್ಷಿಸಿ, 1973ರಲ್ಲಿ ಅಕ್ಕಿಯ ಮೇಲೆ ಬೆಳೆದ ಒಂದು ನೀಲಿ-ಹಸಿರು ಬೂಸ್ಟಿನಲ್ಲಿ ಕೊಲೆಸ್ಟ್ರಾಲ್ ತಯಾರಿಕೆ ನಿಲ್ಲಿಸುವ ವಸ್ತು ಹಿಡಿದರು. (ಅವರ ಬಗ್ಗೆಯೇ ಒಂದು ಲೇಖನ ಬರೀಬೇಕು, ಇನ್ನೊಂದು ಸಲ.) 1987ರಲ್ಲಿ ಮೊದಲ ಸ್ಟಾಟಿನ್ ಅಮೆರಿಕಾದ ಮಾರುಕಟ್ಟೆಗೆ ಬಂತು. 2000ದ ಹೊತ್ತಿಗೆ ಲಕ್ಷಾಂತರ ವಯಸ್ಸಾದವರು ನುಂಗುತ್ತಿದ್ದರು, ಹಾಗಾಗಿ ಆಸ್ಪತ್ರೆಗಳ ದಾಖಲೆಯಲ್ಲಿ ಅವರ ಮೆದುಳು ಹೇಗಿದೆ ಅಂತ ನೋಡುವುದು ಸಾಧ್ಯವಾಯಿತು.

ಅದೇ ವರ್ಷ ಎರಡು ಪ್ರಬಂಧ ಬಂದವು. ಒಂದು ಬೆಂಜಮಿನ್ ವೊಲೊಝಿನ್ ಅವರದು, ಅವರೂ ನರವಿಜ್ಞಾನಿ. ಮೂರು ಆಸ್ಪತ್ರೆಗಳ ದಾಖಲೆ ನೋಡಿದರು. ಇನ್ನೊಂದು ಲ್ಯಾನ್ಸೆಟ್‌ನಲ್ಲಿ ಬಂದ ಜಿಕ್ ಮತ್ತು ಸಂಗಡಿಗರದ್ದು. ಬ್ರಿಟನ್ನಿನ ಡಾಕ್ಟರುಗಳ ದಾಖಲೆಯಿಂದ ಮರೆಗುಳಿತನ ಬಂದ 284 ಜನ, ಬಾರದ 1,080 ಜನರನ್ನು ಹೋಲಿಸಿದ್ದು. ಎರಡರಲ್ಲೂ ಸ್ಟಾಟಿನ್ ನುಂಗುವವರಲ್ಲಿ ಮರೆವು ಶೇ. 60-70ರಷ್ಟು ಕಡಿಮೆ. ಸಿಕ್ಕಿತು ನೋಡಿ, ಅಪ್ಪನಿಗೆ ನಾನು ಕಳಿಸಿದ ಶೇ. 70!

ಅಂಕಿ ಸುಳ್ಳಲ್ಲ. ಆದರೆ ಇದು ಪ್ರಯೋಗ ಅಲ್ಲ, ಲೆಕ್ಕದ ಪುಸ್ತಕ ತಿರುವಿ ಹಾಕಿದ್ದು. ಯಾರಿಗೆ ಸ್ಟಾಟಿನ್ ಬರೆದುಕೊಟ್ಟಿರುತ್ತಾರೆ? ತಿಂಗಳು ತಿಂಗಳು ಡಾಕ್ಟರ ಹತ್ತಿರ ಹೋಗುವವರಿಗೆ, ಮರೆಯದೆ ಮಾತ್ರೆ ನುಂಗುವವರಿಗೆ, ಕೈಯಲ್ಲಿ ನಾಲ್ಕು ಕಾಸು ಇರುವವರಿಗೆ. ನಮ್ಮ ದೊಡ್ಡಪ್ಪನಿಗೆ ಮರೆವು ಶುರುವಾದ ಮೇಲೆ ಕೊಲೆಸ್ಟ್ರಾಲ್ ಟೆಸ್ಟ್ ಮಾಡಿಸೋಣ ಅಂತ ಯಾರಿಗಾದರೂ ಅನ್ನಿಸಿತಾ? ಅವನ ಹೆಸರು ಅಂಥ ದಾಖಲೆಯಲ್ಲಿ ಇದ್ದಿದ್ದರೆ 'ಸ್ಟಾಟಿನ್ ಇಲ್ಲ, ಮರೆವು ಇದೆ' ಅನ್ನುವ ಕಾಲಮ್ಮಿನಲ್ಲಿ ಇರುತ್ತಿತ್ತು. ಮಾತ್ರೆ ಇಲ್ಲದ್ದರಿಂದ ಮರೆವು ಬಂದದ್ದಲ್ಲ, ಮರೆವು ಬಂದದ್ದರಿಂದ ಮಾತ್ರೆ ಸಿಗಲಿಲ್ಲ. ಆ ಪ್ರಬಂಧ ಬರೆದವರಿಗೂ ಈ ಅನುಮಾನ ಗೊತ್ತಿಲ್ಲದ್ದೇನಲ್ಲ. ಎರಡೇ ವರ್ಷದಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಯಾರಿಗೆ ನಿಜದ ಮಾತ್ರೆ, ಯಾರಿಗೆ ಸಪ್ಪೆ ಮಾತ್ರೆ ಅಂತ ಚೀಟಿ ಎತ್ತಿ ಹಂಚಿದ ಪ್ರಯೋಗಗಳು. ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಅಧ್ಯಯನದಲ್ಲಿ 20,536 ಜನ, ಪ್ರಾಸ್ಪರ್ ಅಧ್ಯಯನದಲ್ಲಿ 70ರಿಂದ 82 ವಯಸ್ಸಿನ 5,804 ಜನ. ಹೃದಯಕ್ಕೆ ಲಾಭ ಆಯಿತು. ಬುದ್ಧಿ, ನೆನಪಿಗೆ? ಮಾತ್ರೆ ನುಂಗಿದವರಿಗೂ ಸಪ್ಪೆ ನುಂಗಿದವರಿಗೂ ವ್ಯತ್ಯಾಸ ಇಲ್ಲ.

ಆದರೆ ಸ್ಪಾರ್ಕ್ಸ್ ಕೇಳಿದ ಪ್ರಶ್ನೆ ಬೇರೆ. ಮರೆವು ಬಾರದಂತೆ ತಡೆಯೋದಲ್ಲ, ಆಗಲೇ ಬಂದವರಿಗೆ ಕೊಟ್ಟರೆ ಏನಾಗುತ್ತದೆ? ಸನ್ ಸಿಟಿಯಲ್ಲಿ ಆಲ್ಝೈಮರ್ ರೋಗಿಗಳನ್ನೇ ಆರಿಸಿ ಅರ್ಧ ಜನಕ್ಕೆ ದಿನಕ್ಕೆ 80 ಮಿಲಿಗ್ರಾಂ ಅಟೋರ್ವಾಸ್ಟಾಟಿನ್, ಉಳಿದವರಿಗೆ ಸಪ್ಪೆ ಮಾತ್ರೆ, ಒಂದು ವರ್ಷ. 2005ರಲ್ಲಿ ಪ್ರಕಟವಾಯಿತು. ಒಪ್ಪಿಗೆ ಕೊಟ್ಟವರು 98 ಜನ, ಮಾತ್ರೆ ಹಂಚಿದ್ದು 67 ಜನಕ್ಕೆ, ಲೆಕ್ಕಕ್ಕೆ ಸಿಕ್ಕಿದ್ದು 63. ಆರು ತಿಂಗಳಿಗೆ ನೆನಪಿನ ಪರೀಕ್ಷೆಯಲ್ಲೂ ಖಿನ್ನತೆಯ ಅಳತೆಯಲ್ಲೂ ಸ್ಟಾಟಿನ್ ಗುಂಪು ಸ್ಪಷ್ಟವಾಗಿ ಮುಂದಿತ್ತು. ವರ್ಷ ತುಂಬುವಾಗ ಆ ವ್ಯತ್ಯಾಸ ಬರೀ 'ಒಲವು' ಅನ್ನುವ ಮಟ್ಟಕ್ಕೆ ಇಳಿದಿತ್ತು.

ನನ್ನ ಮೊದಲ ತಕರಾರು ಇಲ್ಲಿದೆ. 63 ಜನ ಅಂದರೆ ನಮ್ಮೂರಿನ ಒಂದು ಬಸ್ಸಿನ ಜನ. ಅದರಲ್ಲಿ ಇಬ್ಬರು ಮೂವರು ಒಳ್ಳೇ ದಿನ ಪರೀಕ್ಷೆ ಬರೆದರೂ ಸರಾಸರಿ ಅಲುಗಾಡುತ್ತದೆ. ಮೇಲಾಗಿ, ಮಧ್ಯದಲ್ಲಿ ಬಿಟ್ಟುಹೋದವರ ಕೊನೆಯ ಅಂಕವನ್ನೇ ಅವರ ಅಂತಿಮ ಅಂಕ ಅಂತ ಹಿಡಿದು ಲೆಕ್ಕ ಹಾಕಿದ್ದಾರೆ. ಆಗಿನ ಕಾಲಕ್ಕೆ ಎಲ್ಲರೂ ಮಾಡುತ್ತಿದ್ದ ಪದ್ಧತಿ, ನಿಜ. ಆದರೆ ದಿನೇ ದಿನೇ ಇಳಿಯುತ್ತಾ ಹೋಗುವ ಕಾಯಿಲೆಯಲ್ಲಿ, ಮೂರನೇ ತಿಂಗಳಿಗೇ ಬಿಟ್ಟುಹೋದವನು ವರ್ಷದ ಕೊನೆಯಲ್ಲೂ ಹಾಗೇ ಇದ್ದಾನೆ ಅಂದುಕೊಂಡರೆ ಹೇಗೆ? ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಎಂಟನೇ ಕ್ಲಾಸಿನ ಅಂಕ ಕೊಟ್ಟ ಹಾಗೆ. ತಲೆಬರಹದಲ್ಲಿ 'ಪ್ರಾಥಮಿಕ ಫಲಿತಾಂಶ' ಅಂತ ಅವರೇ ಬರೆದಿದ್ದಾರೆ. ಪ್ರಾಮಾಣಿಕತೆಗೆ ಕೊರತೆ ಇಲ್ಲ. ಆದರೆ ಒಳಗಿನ ದನಿಯಲ್ಲಿ ಆಸೆ ಜಾಸ್ತಿ ಕೇಳಿಸುತ್ತದೆ.

ಎರಡನೆಯ ತಕರಾರು ಇನ್ನೂ ಬುಡದ್ದು. ಮೆದುಳು ನಮ್ಮ ತೂಕದಲ್ಲಿ ಶೇ. 2 ಇದ್ದರೂ, ಮೈಯ ಕೊಲೆಸ್ಟ್ರಾಲಿನಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಅದರಲ್ಲೇ ಇದೆ. ಅದಿಲ್ಲದೆ ನರಗಳ ಮೇಲಿನ ಹೊದಿಕೆ ಇಲ್ಲ, ಒಂದು ನರಕೋಶ ಇನ್ನೊಂದಕ್ಕೆ ಕೈ ಚಾಚಿ ಹಿಡಿಯುವ ಕೊಂಡಿ ಇಲ್ಲ. 2001ರಲ್ಲಿ ಫ್ರಾಂಕ್ ಫ್ರೀಗರ್ ತಂಡ ಗ್ಲಿಯಾ ಅನ್ನುವ ಪಕ್ಕದ ಕೋಶಗಳು ಕೊಲೆಸ್ಟ್ರಾಲ್ ಒದಗಿಸಿದಾಗಲೇ ನರಕೋಶಗಳ ಮಧ್ಯೆ ಕೊಂಡಿಗಳು ಹೆಚ್ಚುತ್ತವೆ ಅಂತ ತೋರಿಸಿತ್ತು. ಮುಖ್ಯ ವಿಷಯ ಏನು ಅಂದರೆ, ಮೆದುಳು ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ಮಾಡಿಕೊಳ್ಳುತ್ತದೆ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್‌ಗೆ ಒಳಗೆ ಪ್ರವೇಶ ಇಲ್ಲ. ಊರ ಕೆರೆಯಲ್ಲಿ ಎಷ್ಟು ನೀರಿದ್ದರೇನು, ಬೋರ್‌ವೆಲ್ ಇರುವ ತೋಟಕ್ಕೆ? ಹಾಗಿದ್ದ ಮೇಲೆ ಮೊಲದ ರಕ್ತದಲ್ಲಿ ಏರಿದ ಕೊಲೆಸ್ಟ್ರಾಲ್ ಮೆದುಳಲ್ಲಿ ಅಮಿಲಾಯ್ಡ್ ಹೇಗೆ ಮಾಡಿತು, ಮಾತ್ರೆ ನುಂಗಿ ರಕ್ತದಲ್ಲಿ ಇಳಿದದ್ದು ಮೆದುಳನ್ನು ಹೇಗೆ ಮುಟ್ಟಿತು? ಕೇಳಬೇಕಾದ ಪ್ರಶ್ನೆ ಇದೇ. ಇದಕ್ಕೆ ಗಟ್ಟಿ ಉತ್ತರ ಸಿಗುವ ಮೊದಲೇ ಪ್ರಯೋಗ ಮೊಲದಿಂದ ಮನುಷ್ಯರಿಗೆ ದಾಟಿಬಿಟ್ಟಿತು. ನಮ್ಮಲ್ಲಿ ಹೇಳೋದಾದರೆ, ಟೆಸ್ಟಿಂಗ್ ಮುಗಿಯದೆ ಪ್ರೊಡಕ್ಷನ್‌ಗೆ ಹೋದ ಹಾಗೆ. ಮಾತ್ರೆ ಆಗಲೇ ಮಾರುಕಟ್ಟೆಯಲ್ಲಿತ್ತು, ರೋಗಿಗಳಿಗೆ ಬೇರೆ ಗತಿ ಇರಲಿಲ್ಲ, ಆ ಅವಸರ ಅರ್ಥವಾಗುತ್ತದೆ. ದೊಡ್ಡಪ್ಪ ಬದುಕಿದ್ದಾಗ ಯಾರಾದರೂ ಇಂಥ ಮಾತ್ರೆ ಇದೆ ಅಂದಿದ್ದರೆ ನಾವೂ ಮೊಲದ ಲೆಕ್ಕ ಕೇಳುತ್ತಿರಲಿಲ್ಲ.

2008ರಲ್ಲಿ ಸ್ಪಾರ್ಕ್ಸ್ ಇನ್ನೊಂದು ಪ್ರಬಂಧ ಹಾಕಿದರು. ನೋವು ನಿವಾರಕ ಮಾತ್ರೆಗಳು ಆಲ್ಝೈಮರ್ ತಡೆಯುತ್ತವಾ ಅಂತ ನೋಡಲು ನಡೆದ ಬೇರೊಂದು ಪ್ರಯೋಗದಲ್ಲಿ, ತಾವಾಗಿಯೇ ಸ್ಟಾಟಿನ್ ನುಂಗುತ್ತಿದ್ದವರಿಗೆ ಮರೆವು ಕಡಿಮೆ ಬಂತು ಅನ್ನೋದು ಅದರ ಸಾರ. ಅವರ ಕೆಲಸದಲ್ಲೆಲ್ಲಾ ನನಗೆ ಅತಿ ಸಪ್ಪೆ ಅನ್ನಿಸಿದ್ದು ಇದೇ. 'ತಾವಾಗಿಯೇ' ಅನ್ನುವಲ್ಲೇ ಎಲ್ಲಾ ಗುಟ್ಟಿದೆ. 2000ದ ಲೆಕ್ಕದ ಪುಸ್ತಕವನ್ನೇ ಇನ್ನೊಂದು ರಟ್ಟು ಹಾಕಿ ತೆಗೆದ ಹಾಗಿದೆ. ನೀರಿನ ವ್ಯತ್ಯಾಸ ಹಿಡಿದ ಆ ಕಣ್ಣು ಇಲ್ಲಿ ಎಲ್ಲಿ ಹೋಯ್ತು?

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ನಮ್ಮಲ್ಲಿ ಗಾದೆ. ಇಷ್ಟು ಓದುವ ಹೊತ್ತಿಗೆ, ಸರಿ, ಇವರದೂ ಅದೇ ಕಥೆ ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚುವುದರಲ್ಲಿದ್ದೆ.

ಅಷ್ಟರಲ್ಲಿ ಸಿಕ್ಕಿದ್ದು 2010ರ ಲೀಡ್ ಅಧ್ಯಯನ. ಲಿಪಿಟಾರ್ ಹೆಸರಲ್ಲಿ ಅಟೋರ್ವಾಸ್ಟಾಟಿನ್ ಮಾರುತ್ತಿದ್ದ ಫೈಝರ್ ಕಂಪನಿಯೇ ದುಡ್ಡು ಹಾಕಿ ಮಾಡಿಸಿದ್ದು; ಮರುವರ್ಷ, 2011ರ ನವೆಂಬರಿನಲ್ಲಿ, ಅಮೆರಿಕಾದಲ್ಲಿ ಅದರ ಪೇಟೆಂಟ್ ಮುಗಿಯುವುದಿತ್ತು. ಮರೆವಿಗೂ ಆಗುತ್ತೆ ಅಂತ ಸಾಬೀತಾಗಿದ್ದರೆ ಕಂಪನಿಗೆ ಹಬ್ಬ. ಆಲ್ಝೈಮರ್ ಇರುವ 640 ಜನ, ಎಲ್ಲರಿಗೂ ಮಾಮೂಲಿ ಡೊನೆಪೆಝಿಲ್, ಅದರ ಮೇಲೆ ಅರ್ಧ ಜನಕ್ಕೆ 80 ಮಿಲಿಗ್ರಾಂ ಸ್ಟಾಟಿನ್, 72 ವಾರ. ಸ್ಪಾರ್ಕ್ಸ್ ಪ್ರಯೋಗದ್ದೇ ಡೋಸು, ಹತ್ತು ಪಟ್ಟು ಜನ. ಫಲಿತಾಂಶ: ನೆನಪಿಗಾಗಲಿ ಒಟ್ಟಾರೆ ಸ್ಥಿತಿಗಾಗಲಿ ಗಣನೀಯ ಲಾಭ ಇಲ್ಲ. ಆ ಪ್ರಬಂಧದ ಲೇಖಕರ ಪಟ್ಟಿ ನೋಡುತ್ತಾ ಹೋದೆ. ಅದರಲ್ಲಿ ಲ್ಯಾರಿ ಸ್ಪಾರ್ಕ್ಸ್ ಹೆಸರಿದೆ.

ಆ ಹೆಸರಿನ ಮುಂದೆ ಸ್ವಲ್ಪ ಹೊತ್ತು ಕೂತೆ. ಹೆಣದ ಮೇಜಿನಿಂದ ಶುರುಮಾಡಿ, ಊರು ಬಿಟ್ಟು ಊರಿಗೆ ಹೋಗಿ, ಮೊಲಗಳ ನೀರು ಬದಲಿಸಿ, ಇಪ್ಪತ್ತು ವರ್ಷ ಕಟ್ಟಿದ ಆಸೆ ನಡೆಯಲಿಲ್ಲ ಅನ್ನುವ ಕಾಗದಕ್ಕೆ ತಾನೇ ಸಹಿ ಹಾಕುವುದು. ನಮ್ಮ ಕಂಪನಿಗಳಲ್ಲಿ ಒಂದು ಪ್ರಾಜೆಕ್ಟ್ ಬಿದ್ದುಹೋದರೆ ಮರುದಿನವೇ ಎಷ್ಟು ಜನ ಮೇಲ್‌ನಿಂದ ಹೆಸರು ತೆಗೆಸಿಕೊಳ್ಳುತ್ತಾರೆ ಅಂತ ನಿಮಗೂ ಗೊತ್ತು. 2011ರಲ್ಲಿ ಸಿಂವಾಸ್ಟಾಟಿನ್ ಕೊಟ್ಟು 406 ರೋಗಿಗಳನ್ನು 18 ತಿಂಗಳು ನೋಡಿದ ಇನ್ನೊಂದು ಪ್ರಯೋಗವೂ ಅದನ್ನೇ ಹೇಳಿತು. ಕೊಲೆಸ್ಟ್ರಾಲ್ ಇಳಿಯಿತು, ಮರೆವು ತನ್ನ ಪಾಡಿಗೆ ತಾನು ಮುಂದುವರಿಯಿತು. ಗಾದೆಯನ್ನು ಸ್ಪಾರ್ಕ್ಸ್ ಮೇಲೆ ಹೇರುವಂತಿಲ್ಲ. ನನ್ನ ಮೇಲೆ ಹೇರಬಹುದು. ಈ ಎರಡು ಪ್ರಯೋಗ ಬಂದು ಎಷ್ಟೋ ವರ್ಷವಾದ ಮೇಲೆ ನಾನು ಅಪ್ಪನಿಗೆ 2000ದ ಅಂಕಿ ಕಳಿಸಿದವನು.

ಇನ್ನು ಭಾವನ ವಿಡಿಯೋ. ಅದರ ಬೇರು ಡುವೇನ್ ಗ್ರೇವ್‌ಲೈನ್ ಅನ್ನುವವರ ಕಥೆ. ನಾಸಾ ಗಗನಯಾತ್ರಿಯಾಗಿ ಆಯ್ಕೆಯಾಗಿದ್ದ ಡಾಕ್ಟರ್. ಲಿಪಿಟಾರ್ ಶುರುಮಾಡಿ ಆರು ವಾರಕ್ಕೆ ಕೆಲವು ಗಂಟೆ ಪೂರ್ತಿ ನೆನಪು ಹೋಗಿತ್ತಂತೆ. ಆ ಮಾತ್ರೆಯನ್ನು ನೆನಪಿನ ಕಳ್ಳ ಅಂತ ಕರೆದು ಪುಸ್ತಕ ಬರೆದರು. ಅವರ ಅನುಭವವನ್ನು ಸುಳ್ಳು ಅನ್ನಲು ನಾನ್ಯಾರು. ಅಮೆರಿಕಾದ ಎಫ್‌ಡಿಎ ಕೂಡ 2012ರ ಫೆಬ್ರವರಿಯಲ್ಲಿ ಸ್ಟಾಟಿನ್ ಡಬ್ಬಿಯ ಮಾಹಿತಿಯಲ್ಲಿ, ಕೆಲವರಿಗೆ ಮರೆವು-ಗೊಂದಲ ಆದದ್ದುಂಟು, ಸಾಮಾನ್ಯವಾಗಿ ಗಂಭೀರವಲ್ಲ, ಮಾತ್ರೆ ನಿಲ್ಲಿಸಿದರೆ ಹೋಗುತ್ತದೆ ಅಂತ ಸೇರಿಸಿತು. ವಿಡಿಯೋದವನು ಇದರಲ್ಲಿ ಮೊದಲ ಅರ್ಧ ಓದಿ ಎರಡನೇ ಅರ್ಧ ನುಂಗಿದ್ದಾನೆ.

ಇದರ ಬಗ್ಗೆ ನಾನು ಓದಿದ್ದರಲ್ಲಿ ಅತಿ ಚೆಂದದ್ದು 2015ರ ಒಂದು ಬ್ರಿಟಿಷ್ ದಾಖಲೆಗಳ ಅಧ್ಯಯನ, ಬ್ರಯಾನ್ ಸ್ಟ್ರಾಮ್ ತಂಡದ್ದು. ಸ್ಟಾಟಿನ್ ಶುರುಮಾಡಿದ ಮೊದಲ 30 ದಿನಗಳಲ್ಲಿ ಮರೆವಿನ ದೂರು ಜಾಸ್ತಿ ಅಂತ ಕಂಡಿತು. ಅಲ್ಲಿಗೇ ನಿಲ್ಲಿಸಿದ್ದರೆ ಭಾವ ಗೆದ್ದಿದ್ದ. ಆದರೆ ಅವರು ಸ್ಟಾಟಿನ್ ಅಲ್ಲದ, ಬೇರೆ ರೀತಿಯಲ್ಲಿ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಶುರುಮಾಡಿದವರನ್ನೂ ನೋಡಿದರು. ಅಲ್ಲೂ ಅಷ್ಟೇ ದೂರು! ಒಂದೋ ಕೊಲೆಸ್ಟ್ರಾಲ್ ಇಳಿಸುವ ಎಲ್ಲಾ ಮಾತ್ರೆಯೂ ಮರೆವು ತರಬೇಕು, ಇಲ್ಲವೇ ಹೊಸ ಮಾತ್ರೆ ಶುರುಮಾಡಿದ ತಿಂಗಳು ಮನುಷ್ಯ ತನ್ನನ್ನು ತಾನು ಜಾಸ್ತಿ ಗಮನಿಸಿಕೊಳ್ಳುತ್ತಾನೆ, ಡಾಕ್ಟರ ಹತ್ತಿರ ಜಾಸ್ತಿ ಹೋಗುತ್ತಾನೆ. ನನಗೆ ಎರಡನೆಯದೇ ನಿಜ ಅನ್ನಿಸುತ್ತದೆ. ಅಪ್ಪ ಕಳೆದ ವರ್ಷ ಮೋಟ್ರು ಆಫ್ ಮಾಡಲು ಮರೆತದ್ದು ಮಾತ್ರೆ ಶುರುವಾಗುವ ಮುಂಚೆಯೂ ಮರೆಯುತ್ತಿದ್ದದ್ದೇ. ವಿಡಿಯೋ ನೋಡಿದ ಮೇಲೆ ಎಣಿಸಲು ಶುರುಮಾಡಿದ, ಅಷ್ಟೆ.

ಹಾಗಂತ ಕೊಲೆಸ್ಟ್ರಾಲಿಗೂ ಮೆದುಳಿಗೂ ಸಂಬಂಧವೇ ಇಲ್ಲ ಅಂತಲೂ ಅಲ್ಲ. 2024ರಲ್ಲಿ ಲ್ಯಾನ್ಸೆಟ್ ಆಯೋಗ, ನಾವು ಬದಲಾಯಿಸಿಕೊಳ್ಳಬಹುದಾದ 14 ಮರೆವಿನ ಅಪಾಯಗಳ ಪಟ್ಟಿಗೆ ನಡುವಯಸ್ಸಿನಲ್ಲಿ ಏರಿದ ಎಲ್‌ಡಿಎಲ್ ಅನ್ನು ಹೊಸದಾಗಿ ಸೇರಿಸಿತು. ನಡುವಯಸ್ಸು ಅನ್ನೋದನ್ನ ಗಮನಿಸಿ. ಸ್ಪಾರ್ಕ್ಸ್ ಹೆಣದ ಮೇಜಿನ ಮೇಲೆ ನೋಡಿದ್ದೂ ಮರೆವು ಬಾರದವರ ಮೆದುಳನ್ನೇ. ಮಾತ್ರೆ ಕೊಟ್ಟದ್ದು ಮಾತ್ರ ಮರೆವು ಬಂದು ಕೂತವರಿಗೆ. ಅವರ ಮೊದಲ ಪ್ರಬಂಧ ಸರಿಯಾದ ಪ್ರಶ್ನೆಯನ್ನೇ ಕೈಗೆ ಕೊಟ್ಟಿತ್ತು, ಪ್ರಯೋಗ ತಪ್ಪು ವಯಸ್ಸಿನಲ್ಲಿ ನಡೆಯಿತೇನೋ ಅಂತ ನನಗೊಂದು ಗುಮಾನಿ. ಗುಮಾನಿ ಅಷ್ಟೆ, ಅದನ್ನ ಯಾರಿಗೂ ಸ್ಕ್ರೀನ್‌ಶಾಟ್ ಮಾಡಿ ಕಳಿಸಬೇಡಿ.

ಮುಂದಿನ ವಾರ ಮತ್ತೆ ಊರಿಗೆ ಹೋದೆ. ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮಾತ್ರೆ ಬಿಟ್ಟದ್ದನ್ನೂ ಮರೆವಿನ ಭಯವನ್ನೂ ಎರಡನ್ನೂ ಹೇಳಿಸಿದೆ. ಅವರು ಬೈಯಲಿಲ್ಲ. ಹತ್ತು ನಿಮಿಷ ಪ್ರಶ್ನೆ ಕೇಳಿದರು, ತಾರೀಖು, ಲೆಕ್ಕ, ಗಡಿಯಾರ ಬರೆಯೋದು. ಥೈರಾಯ್ಡ್, ಬಿ12 ಟೆಸ್ಟ್ ಮಾಡಿಸಿದರು. ಬಿ12 ಕಡಿಮೆ ಬಂತು. ಮರೆವಿಗೆ ಅದೇ ಕಾರಣ ಅಂತ ನಾನು ಹೇಳಲ್ಲ. ಹೇಳಿದರೆ ಮತ್ತೆ ಅದೇ ಚಾಳಿ.

ರಾತ್ರಿ ಜಗಲಿಯ ಮೇಲೆ ಕೂತು ಅಪ್ಪನಿಗೆ ಎಲ್ಲಾ ಹೇಳಿದೆ. ಹೆಣಗಳು, ಮೊಲಗಳು, ನೀರು, 63 ಜನ, 640 ಜನ. ನಾನು ಮೊದಲು ಕಳಿಸಿದ್ದು ತಪ್ಪು ಅಂತಲೂ ಹೇಳಿದೆ. ಅಪ್ಪ ಎಲ್ಲಾ ಕೇಳಿಸಿಕೊಂಡ. "ಅಂದ್ರೆ ಮರೆವಿಗೂ ಈ ಮಾತ್ರೆಗೂ ಹತ್ತಿರದ ನೆಂಟಸ್ತನ ಇಲ್ಲ ಅನ್ನು."

"ತಂದ ಹಾಗೂ ಕಾಣಲ್ಲ, ತಡೆದ ಹಾಗೂ ಕಾಣಲ್ಲ ಅಪ್ಪಾ. ಎದೆಗೆ ಮಾತ್ರ ಬೇಕೇ ಬೇಕು. ಅದರಲ್ಲಿ ಅನುಮಾನ ಇಲ್ಲ."

"ಇಷ್ಟನ್ನ ಅವತ್ತೇ ಹೇಳಿದ್ರೆ ನುಂಗ್ತಿರ್ಲಿಲ್ವೇನೋ ನಾನು?"

ನುಂಗುತ್ತಿದ್ದನಾ? ನನಗೆ ಗೊತ್ತಿಲ್ಲ. ಅಮ್ಮ ಒಳಗಿನಿಂದ ಮಾತ್ರೆ, ತಾಮ್ರದ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಅಪ್ಪ ಚೊಂಬು ನೋಡಿದ, ನನ್ನ ಮುಖ ನೋಡಿದ. "ಮೊಲಕ್ಕೆ ಕೊಟ್ಟಿದ್ದು ಇದೇ ನೀರೇನೋ?" ಅಂತ ನಗುತ್ತಾ ನುಂಗಿದ. ಈಗ ಮಾರುತಿ ಸ್ಟೋರ್ಸ್ ಕ್ಯಾಲೆಂಡರಿನಲ್ಲಿ ದಿನಾ ಟಿಕ್ ಹಾಕುವ ಕೆಲಸ ಅಮ್ಮನದು.

ಭಾವನಿಗೆ ಲೀಡ್, ಸ್ಟ್ರಾಮ್ ಎಲ್ಲಾ ಸೇರಿಸಿ ಉದ್ದದ ಮೆಸೇಜ್ ಬರೆದೆ. ಎರಡು ನೀಲಿ ಗೆರೆ ಬಿದ್ದಿದೆ, ಉತ್ತರ ಬಂದಿಲ್ಲ. ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಲ್‌ಡಿಎಲ್ 172 ಬಂದು ಎಂಟು ತಿಂಗಳಾಯಿತು. ರಿಪೋರ್ಟ್ ಇನ್ನೂ ಬ್ಯಾಗಿನಲ್ಲೇ ಇದೆ. ಶನಿವಾರ ಹತ್ತೂವರೆಗೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ.